ಟೋಸ್ಟಕ್ಕ ಬಚ್ಚಿಟ್ಟ ಸಂಗತಿ

ಜ್ವರವೇನೋ ವಾರದಲ್ಲಿ ಬಿಟ್ಟಿತು. ಆದರೆ ಅದರಲ್ಲಿ ಹೋದ ವಾಸನೆಯ ಅರಿವು ಮೂರು ತಿಂಗಳಾದರೂ ಮರಳಲಿಲ್ಲ.

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಎಂಟು ವರ್ಷದಿಂದ ಬೆಳಗಿನ ಟೋಸ್ಟ್ ಅವಳದೇ ಕೆಲಸ. ಎಲ್ಲರಿಗೂ ಅವಳು ಟೋಸ್ಟಕ್ಕ. ಹಿಂದೆಲ್ಲ ಟೋಸ್ಟರಿಗೆ ಬೆನ್ನು ಮಾಡಿ ನಿಂತಿದ್ದರೂ ಘಮದಲ್ಲೇ ಹದ ಹಿಡಿಯುತ್ತಿದ್ದವಳು ಈಗ ಯಾರಿಗೂ ಗೊತ್ತಾಗದಂತೆ ಎಲ್ಲವನ್ನೂ ಹೊಸದಾಗಿ ಕಲಿತಳು. ಹಾಲಿನ ಬ್ರೆಡ್ಡಿನಲ್ಲಿ ಸಕ್ಕರೆ ಇರುವುದರಿಂದ ನೋಡನೋಡುತ್ತಲೇ ಕೆಂಪಾಗುತ್ತದೆ. ಶಾಖ ಕಡಿಮೆ ಇರಬೇಕು. ಗೋಧಿ ಬ್ರೆಡ್ ಮೊದಲೇ ಕಂದು, ಬಣ್ಣ ನಂಬುವ ಹಾಗಿಲ್ಲ. ಚಾಕುವಿನ ಬೆನ್ನಿನಿಂದ ಗೀರಿ, ಕರಕರ ಸದ್ದು ಕೇಳಬೇಕು. ದಪ್ಪ ಬ್ರೆಡ್ಡಿಗೆ ಸಣ್ಣ ಶಾಖದಲ್ಲಿ ಎರಡು ಸುತ್ತು. ಅವಸರಪಟ್ಟರೆ ಹೊರಗೆ ಕಪ್ಪು, ಒಳಗೆ ತಣ್ಣಗೆ. ಹೀಗೆ ಕಣ್ಣು ಕಿವಿಗಳಲ್ಲೇ ದಿನ ದೂಡಿದಳು. ಡಾಕ್ಟರು ಮೇಲಿನ ಮಹಡಿಯಲ್ಲೇ ಇದ್ದರೂ ತೋರಿಸಿಕೊಳ್ಳಲಿಲ್ಲ. ಸುದ್ದಿ ಅಡುಗೆಮನೆಗೆ ಇಳಿದುಬಂದೀತೆಂಬ ಭಯ.

ಒಂದು ಬೆಳಿಗ್ಗೆ ಒಣದ್ರಾಕ್ಷಿ ಬ್ರೆಡ್ಡಿನ ಹೋಳೊಂದು ಟೋಸ್ಟರಿನೊಳಗೆ ಸಿಕ್ಕಿಕೊಂಡಿತು. ಅವಳು ಆ ಕಡೆ ತಿರುಗಿ ಬೆಣ್ಣೆ ಹಚ್ಚುತ್ತಿದ್ದಳು. ಹೊಗೆ ಸೂರಿಗೆ ಮುಟ್ಟಿತ್ತು. ಉಗ್ರಾಣದಲ್ಲಿದ್ದ ಹಿರಿಯ ಅಡುಗೆಯವರು ಓಡಿಬಂದು ಪ್ಲಗ್ ಕಿತ್ತರು.

"ಆ ಕಮಟು ಗೋಡೆಯಾಚೆ ಇದ್ದ ನಂಗೆ ಬಂತು. ಪಕ್ಕದಲ್ಲೇ ನಿಂತ ನಿಂಗೆ ಬರ್ಲಿಲ್ವಾ?"

ನೆಗಡಿ ಎನ್ನಬೇಕೆಂದಿದ್ದಳು. ಬಾಯಿಗೆ ಬಂದದ್ದು ನಿಜ.

"ಬರ್ಲಿಲ್ಲ ಅಣ್ಣ. ಮೂರು ತಿಂಗಳಿಂದ ಏನೂ ಬರ್ತಿಲ್ಲ."

ಅವರು ಬೈಯಲಿಲ್ಲ. ಕಿತ್ತ ಪ್ಲಗ್ ಕೆಳಗಿಟ್ಟು, "ಮೇಲಿನ ವಾರ್ಡಲ್ಲಿ, ಬೆಂಕಿ ಬಿದ್ರೂ ಎದ್ದು ಓಡೋಕಾಗದವ್ರು ಮಲಗಿದಾರಮ್ಮ. ಒಂದು ಮಾತು ಹೇಳ್ಬಾರ್ದಿತ್ತಾ?" ಎಂದರು.

ಬೈದಿದ್ದರೇ ವಾಸಿಯಿತ್ತು ಎನಿಸಿತು. ಇಷ್ಟು ದಿನ ತನ್ನ ಮಾನದ ಚಿಂತೆಯಲ್ಲಿ ಅವರ್‍ಯಾರೂ ಅವಳ ನೆನಪಿಗೇ ಬಂದಿರಲಿಲ್ಲ.

ಮರುದಿನದಿಂದ ಅವಳಿಗೆ ಹಣ್ಣು ಹೆಚ್ಚುವ ಮೇಜು. ಟೋಸ್ಟರಿಗೆ ಟೀ ಕಾಯಿಸುವಾಕೆ ಬಂದಳು. ಮೊದಲ ದಿನವೇ ಹಾಲಿನ ಬ್ರೆಡ್ ಮಸಿಯಾಗಿ, ತಟ್ಟೆಗಳು ಹಾಗೇ ವಾಪಸಾದವು. ಟೋಸ್ಟಕ್ಕನಿಗೆ ಒಳಗೊಳಗೇ ಖುಷಿಯಾಯಿತು. ಹಿಂದೆಯೇ ನಾಚಿಕೆಯೂ ಆಯಿತು. ಚಾಕು ಕೆಳಗಿಟ್ಟು ಹೋಗಿ, "ಶಾಖ ಇಳಿಸು ಮಾರಾಯ್ತಿ. ನೀನು ಮೂಸು, ನಾನು ನೋಡ್ತೀನಿ," ಎಂದು ಪಕ್ಕದಲ್ಲಿ ನಿಂತಳು. ಹಿರಿಯ ಅಡುಗೆಯವರು ನೋಡಿಯೂ ನೋಡದವರಂತೆ ಆಚೆ ಹೋದರು.

ಸಂಜೆ ಮನೆಯಲ್ಲಿ, ಒಲೆ ಹಚ್ಚುವ ಮೊದಲು ಮಗಳನ್ನು ಕರೆದಳು. "ಗ್ಯಾಸ್ ವಾಸನೆ ಏನಾದ್ರೂ ಇದ್ಯಾ ನೋಡು ಪುಟ್ಟಿ. ನಂಗೆ ತಿಳಿಯಲ್ಲ."

"ಯಾವತ್ತಿಂದ?"

"ಜ್ವರ ಬಂದಾಗಿಂದ."

ಹತ್ತು ವರ್ಷದ ಹುಡುಗಿ ಅಮ್ಮನ ಮುಖವನ್ನೇ ದಿಟ್ಟಿಸಿದಳು. "ಅದಕ್ಕೇನಾ ಅವತ್ತು ಹಳಸಿದ ಅನ್ನ ಹಾಕಿದ್ದು?"

"ಹಳಸಿತ್ತಾ? ಹೇಳೋದಲ್ವೇನೇ!"

"ನಿಂಗೆ ಸುಸ್ತಿತ್ತಲ್ಲ. ಅದಕ್ಕೇ ತಿಂದ್ಬಿಟ್ಟೆ."

ಅದಾದ ಮೇಲೆ ಎರಡು ದಿನ ಹೊಟ್ಟೆನೋವೆಂದು ಮುದುಡಿ ಮಲಗಿದವಳನ್ನು, ಶಾಲೆ ತಪ್ಪಿಸುವ ನಾಟಕವೆಂದು ತಾನು ಗದರಿದ್ದು ಟೋಸ್ಟಕ್ಕನಿಗೆ ನೆನಪಾಯಿತು. ಮಗಳನ್ನು ಹತ್ತಿರ ಎಳೆದುಕೊಂಡಳು.

"ನಾಳೆ ಡಾಕ್ಟರಿಗೆ ತೋರಿಸ್ತೀನಿ," ಎಂದಳು.

"ನಾನೂ ಬರ್ತೀನಿ. ಇಲ್ದಿದ್ರೆ ನೀನು ಹೋಗಲ್ಲ," ಎಂದಳು ಮಗಳು.