ಅತ್ತೆಯ ಕೊರಳಿನ ಟವೆಲ್

ಒಗೆದರೆ ಕಲೆ ಹೋಗಿಬಿಡುತ್ತದೆ, ಒಗೆಯದಿದ್ದರೆ ಅಮ್ಮನ ಕಣ್ಣಿಗೆ ಬೀಳುತ್ತದೆ. ಬಚ್ಚಲಿನ ಬಾಗಿಲು ಹಾಕಿಕೊಂಡು ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತವಳಿಗೆ ಟವೆಲನ್ನು ನೀರಿಗೆ ಅದ್ದುವ ಧೈರ್ಯವೂ ಇರಲಿಲ್ಲ, ಹೊರಗೆ ತರುವ ಧೈರ್ಯವೂ ಇರಲಿಲ್ಲ. ಅಮ್ಮ ಕಂಡರೆ ಎಲ್ಲಿ ಸಿಕ್ಕಿತೆಂದು ಕೇಳುತ್ತಾಳೆ. ಕೇಳಿದರೆ ಹೇಳಬೇಕಾಗುತ್ತದೆ. ಒಂದು ಬಟ್ಟೆ ಒಗೆಯುವ ವಿಷಯ ತೀರ್ಮಾನಿಸಲಾಗದವಳಿಗೆ ಡಿಗ್ರಿ ಯಾಕೆ ಬೇಕಿತ್ತೋ ಎಂದು ತನ್ನನ್ನೇ ಬೈದುಕೊಂಡಳು.

"ಏನೇ ಮೂಗಿ, ಒಳಗೇ ಸಂಸಾರ ಹೂಡಿಬಿಟ್ಯಾ?" ಅಮ್ಮ ಬಾಗಿಲು ಗುದ್ದಿದಳು. "ನಿಮ್ಮಪ್ಪಂಗೆ ಬೆರಳು ತುರಿಸ್ತಾ ಇದಾವಂತೆ. ಇಲ್ಲದೇ ಇರೋ ಬೆರಳನ್ನ ನಾನೆಲ್ಲಿ ಅಂತ ಕೆರೀಲಿ? ಬಾ ಆಚೆ!"

ಮೂಗಿ ಎಂಬುದು ಮನೆಯಲ್ಲಿ ಹುಟ್ಟಿ ಬೀದಿಗೆಲ್ಲ ಹಬ್ಬಿದ ಹೆಸರು. ಅವಳಿಗೆ ಮಾತು ಬರುತ್ತಿತ್ತು. ಗಂಟಲವರೆಗೆ ಬಂದು, ಅಲ್ಲೇ ಚಕ್ಕಳಮಕ್ಕಳ ಹಾಕಿಕೊಂಡು ಕೂತುಬಿಡುತ್ತಿತ್ತು, ಅಷ್ಟೆ.

ಟವೆಲ್ ಅಪ್ಪನದು. ನೀಲಿ ಅಂಚು, ಹರಿದ ಮೂಲೆಗೆ ಅಮ್ಮ ಕೆಂಪು ದಾರದಲ್ಲಿ ಹಾಕಿದ ಹೊಲಿಗೆ. ನಡುವೆ ಗ್ರೀಸಿನಲ್ಲಿ ಮೂಡಿದ ಕಪ್ಪು ಬೆರಳುಗಳ ಗುರುತು. ಆ ಬೆರಳುಗಳು ಮಾತ್ರ ಅಪ್ಪನವಲ್ಲ. ಅವಳು ಅದನ್ನು ಒಣಗಿದ್ದಂತೆಯೇ ಮಡಚಿ ಲಂಗದೊಳಗೆ ಸಿಕ್ಕಿಸಿಕೊಂಡು ಆಚೆ ಬಂದಳು.

ಮಿಲ್ಲಿಗೆ ಆ ಯಂತ್ರ ಬಂದಾಗ ಎಲ್ಲರಿಗಿಂತ ಹೆಚ್ಚು ಕುಣಿದಾಡಿದವನು ಅಪ್ಪನೇ. ಅದಕ್ಕೆ ಮುಂಚೆ, ಕುಲುಮೆಯಿಂದ ಕೆಂಪಗೆ ಕಾದು ಬಂದ ಕಬ್ಬಿಣದ ದಿಮ್ಮಿಯನ್ನು ರೋಲುಗಳ ನಡುವೆ ಒಮ್ಮೆ ತೂರಿಸಿದ ಮೇಲೆ, ಮತ್ತೆ ತೂರಿಸುವ ಮುನ್ನ ಮಗ್ಗುಲು ಮಗುಚಬೇಕಾಗುತ್ತಿತ್ತು. ಮಗುಚುತ್ತಿದ್ದವರು ಮನುಷ್ಯರು. ಉದ್ದನೆಯ ಇಕ್ಕಳ ಹಿಡಿದು ಎರಡೂ ಕಡೆ ನಿಂತು, "ಎತ್ತೋ... ಹೊರಳಿಸೋ..." ಎಂದು ಕೂಗಿ, ಬೆಂಕಿಯ ಎದುರು ಮುಖ ತಿರುವಿಕೊಂಡು. ಅಪ್ಪನ ಹುಬ್ಬು ಪೂರ್ತಿ ಬೆಳೆದದ್ದನ್ನು ಅವಳು ಯಾವತ್ತೂ ನೋಡಿರಲಿಲ್ಲ.

ಹೊಸ ಯಂತ್ರ ಅಷ್ಟನ್ನೂ ತಾನೇ ಮಾಡುತ್ತಿತ್ತು. ಸಾಲು ಉರುಳೆಗಳ ಸಂದಿನಿಂದ ಉಕ್ಕಿನ ಕೊಕ್ಕೆಗಳು ಮೇಲೆದ್ದು ದಿಮ್ಮಿಯ ಪಕ್ಕೆಗೆ ಕೈಹಾಕಿ, ಮಲಗಿದ ಮಗುವನ್ನು ಹೊರಳಿಸಿದಂತೆ ಹೊರಳಿಸುತ್ತಿದ್ದವು. ಆಮೇಲೆ ಎರಡು ದಪ್ಪ ತೋಳುಗಳು ಅತ್ತ ಇತ್ತ ತಳ್ಳಿ ಅದನ್ನು ರೋಲಿನ ಬಾಯಿಗೆ ನೆಟ್ಟಗೆ ಇಡುತ್ತಿದ್ದವು.

"ಇನ್ಮೇಲೆ ಇದೇ ನಿಮ್ಮ ಕೈ ಕಣ್ರೋ," ಎಂದಿದ್ದ ಮ್ಯಾನೇಜರ್. "ನಿಮ್ಮ ಮೈಗೆ ಒಂದು ಕಿಡಿ ಸಿಡಿಯಲ್ಲ."

ಇಕ್ಕಳದವರಲ್ಲಿ ಅರ್ಧ ಜನರನ್ನು ಮನೆಗೆ ಕಳಿಸಿದರು. ಉಳಿದವರು ಯಂತ್ರಕ್ಕೆ ಅತ್ತೆ ಎಂದು ಹೆಸರಿಟ್ಟರು. ಕೂತ ಕಡೆಯಿಂದ ಏಳದೆ ಎಲ್ಲರನ್ನೂ ಎಡಕ್ಕೂ ಬಲಕ್ಕೂ ತಳ್ಳುವವಳು ಇನ್ಯಾರು?

ಅತ್ತೆಗೆ ಒಂದು ಚಾಳಿಯಿತ್ತು. ದಿಮ್ಮಿ ಅರ್ಧ ಮಗುಚಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಆಗ ಒಬ್ಬ ಯಂತ್ರದ ಸುತ್ತಲಿನ ಬೇಲಿಯ ಬಾಗಿಲು ತೆಗೆದು ಒಳಗೆ ಹೋಗಿ ಹಾರೆಯಿಂದ ಮೀಟಬೇಕು. ಬಾಗಿಲು ತೆಗೆದ ಕೂಡಲೇ ಯಂತ್ರ ತಾನಾಗಿ ನಿಲ್ಲಲೆಂದು ಅಲ್ಲೊಂದು ಸ್ವಿಚ್ ಇತ್ತು. ಆದರೆ ಹಾಗೆ ನಿಂತರೆ ಮತ್ತೆ ಚಾಲೂ ಆಗುವಷ್ಟರಲ್ಲಿ ಕಬ್ಬಿಣ ತಣ್ಣಗಾಗುತ್ತಿತ್ತು. "ದಿಮ್ಮಿ ಆರಿದ್ರೆ ನಿಮ್ಮನೆ ಒಲೇನೂ ಆರುತ್ತೆ," ಎಂದು ಮ್ಯಾನೇಜರ್ ಆ ಸ್ವಿಚ್ಚಿನ ಸಂದಿಗೆ ಮರದ ಚಕ್ಕೆ ಹೊಡೆಸಿಬಿಟ್ಟ. ಬಾಗಿಲು ತೆಗೆದರೂ ಅತ್ತೆ ಎಚ್ಚರವಾಗಿಯೇ ಇರತೊಡಗಿದಳು.

ಆಳುಗಳು ತಮ್ಮ ಜೀವಕ್ಕೆ ತಾವೇ ಒಂದು ಕಟ್ಟಳೆ ಮಾಡಿಕೊಂಡರು. ಒಳಗೆ ಹೋಗುವವನು ತಲೆಯ ಟವೆಲ್ ಬಿಚ್ಚಿ ಯಂತ್ರ ನಡೆಸುವ ಲಿವರಿಗೆ ಹಾಕಬೇಕು. ಹೊರಗೆ ಬಂದ ಮೇಲೆ ಅವನೇ ತೆಗೆಯಬೇಕು. ಬೇರೆ ಯಾರೂ ಮುಟ್ಟುವಂತಿಲ್ಲ. ಅತ್ತೆಯ ಕೊರಳಲ್ಲಿ ಟವೆಲ್ ಇದೆ ಎಂದರೆ ಒಳಗೊಂದು ಜೀವ ಇದೆ ಎಂದು ಅರ್ಥ. ಮಾತು ಬಿಟ್ಟವರೂ, ಹೆಂಡದ ಅಂಗಡಿಯ ಮುಂದೆ ಹಲ್ಲುದುರುವಂತೆ ಬಡಿದಾಡಿಕೊಂಡವರೂ ಈ ಕಟ್ಟಳೆಯನ್ನು ಮುರಿದಿರಲಿಲ್ಲ.

ಲಿವರಿನ ಹತ್ತಿರ ನಿಲ್ಲುತ್ತಿದ್ದವನು ಮಾವ, ಅಮ್ಮನ ತಮ್ಮ. ಅವನ ಕೈಹಿಡಿದು ಮಿಲ್ಲಿನ ಗೇಟು ದಾಟಿಸಿದವನು ಅಪ್ಪ. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟುಬಂದವನು ಮಾವ.

ಅವತ್ತು ಯಂತ್ರ ನೋಡಲು ದೊಡ್ಡವರು ಬಂದಿದ್ದರು. ಮಿಲ್ಲಿನ ಆಫೀಸಿನಲ್ಲಿ ಹಂಗಾಮಿ ಕೆಲಸಕ್ಕಿದ್ದ ಅವಳ ಕೈಗೆ ನೀರಿನ ಗ್ಲಾಸುಗಳ ತಟ್ಟೆ ಬಂತು.

"ಏಯ್, ಹಲ್ಲಿ ಹಂಗೆ ಗೋಡೆಗಂಟ್ಕೋಬೇಡ. ಹಿಂದೇನೇ ಬಾ," ಎಂದ ಮ್ಯಾನೇಜರ್. "ಮಧ್ಯೆ ಬಾಯಿ ಹಾಕ್ಬೇಡ. ನಿಂಗೆ ಅದೊಂದು ಹೇಳೋ ಅಗತ್ಯ ಇಲ್ಲ ಬಿಡು." ಬಂದವರು ನಕ್ಕರು.

ಅವರು ಲಿವರಿನ ಕಟ್ಟೆ ಹತ್ತುವ ಸ್ವಲ್ಪ ಮುಂಚೆ ದಿಮ್ಮಿ ಸಿಕ್ಕಿಕೊಂಡಿತ್ತು. ಅಪ್ಪ ಟವೆಲ್ ಬಿಚ್ಚಿ ಲಿವರಿಗೆ ಹಾಕಿದ. "ಹಾಕಿದೀನಿ ನೋಡಪ್ಪಾ ಮೈದುನ."

"ಹೋಗ್ಬಾ ಭಾವ. ಅತ್ತೆಗೆ ಮೆತ್ತಗೆ ಕಚಗುಳಿ ಇಡು, ನಿನ್ನ ಹೆಂಡ್ತಿಗೆ ಗೊತ್ತಾದೀತು," ಎಂದು ಮಾವ ನಕ್ಕ.

ಅಪ್ಪ ಹಾರೆ ಹಿಡಿದು ಉರುಳೆಗಳ ಹಿಂದೆ ಬಗ್ಗಿ ಮರೆಯಾದ. ದೊಡ್ಡವರು ಮೇಲೆ ಬಂದರು. ಅವರಲ್ಲೊಬ್ಬ ಕಂಬಿ ಹಿಡಿದು ಬಗ್ಗಿ ನೋಡಿದ, ಕೈ ತುಂಬ ಗ್ರೀಸಾಯಿತು. ಎರಡೂ ಕೈ ಅಗಲಿಸಿಕೊಂಡು ನಿಂತ, ಕೆಸರಲ್ಲಿ ಬಿದ್ದ ಮಗುವಿನ ಹಾಗೆ. ಮಾವ ಆಗ ಇನ್ನೊಬ್ಬನಿಗೆ ಕುಲುಮೆಯತ್ತ ಬೆರಳು ತೋರಿಸುತ್ತ ಬೆನ್ನು ತಿರುಗಿಸಿದ್ದ. ಮ್ಯಾನೇಜರ್ ಅತ್ತ ಇತ್ತ ನೋಡಿ, ಕೈಗೆ ಸಿಕ್ಕ ಟವೆಲನ್ನು ಲಿವರಿನಿಂದ ಎಳೆದು, ನಡು ಬಗ್ಗಿಸಿ ಕೊಟ್ಟ. ಗ್ರೀಸಿನ ಕೈಯವನು ಒಂದೊಂದೇ ಬೆರಳು ಒರೆಸಿಕೊಂಡ. ಒರೆಸಿ ಅವಳ ತಟ್ಟೆಯ ಮೇಲೆ ಹಾಕಿದ.

ಕೆಂಪು ದಾರ ಕಂಡಿತು. ಅವಳು ಬಾಯಿ ತೆರೆದಳು. ಮಾತು ಗಂಟಲಿಗೆ ಬಂದು ಕೂತಿತು.

"ಏನಯ್ಯಾ, ಇಷ್ಟು ಹೊತ್ತು? ನಡೆಸಿ ತೋರ್ಸು," ಎಂದ ಮ್ಯಾನೇಜರ್. ಮಾವ ಇತ್ತ ತಿರುಗಿದ. ಲಿವರ್ ಬೋಳಾಗಿತ್ತು. ಟವೆಲ್ ಇಲ್ಲವೆಂದರೆ ಭಾವ ಹೊರಗೆ ಬಂದ ಎಂದೇ ಲೆಕ್ಕ. ಎಳೆದ.

ಅಪ್ಪನ ಕೂಗಿಗಿಂತ ಮೊದಲು ಹಾರೆ ಬಿದ್ದ ಸದ್ದು ಕೇಳಿತು. ಮಾವ ಲಿವರ್ ನೋಡಿದ, ಮ್ಯಾನೇಜರನ್ನು ನೋಡಿದ, ಅವಳ ತಟ್ಟೆ ನೋಡಿದ. ತಟ್ಟೆಯಲ್ಲಿ ಗ್ಲಾಸುಗಳು ಒಂದಕ್ಕೊಂದು ತಾಗಿ ಗಲಗಲ ಅನ್ನುತ್ತಿದ್ದವು.

ಅಪ್ಪನ ಬಲಗೈ ಮೊಣಕೈವರೆಗೆ ಹೋಯಿತು.

ಅಪ್ಪ ಆಸ್ಪತ್ರೆಯಿಂದ ಬಂದ ಮೇಲೆ ಮಾವ ದಿನಾ ಸಂಜೆ ಬರುತ್ತಿದ್ದ. ಅಪ್ಪನ ಗಡ್ಡ ಹೆರೆಯುತ್ತಿದ್ದ. ಕಣ್ಣೀರು ಹಾಕುತ್ತಿದ್ದ. ನಡೆದದ್ದನ್ನೆಲ್ಲ ಅಪ್ಪನಿಗೆ ಹೇಳಿದವನೂ ಅವನೇ. "ಭಾವಾ, ವಿಚಾರಣೆ ದಿನ ಎಲ್ರ ಮುಂದೆ ಹೇಳ್ತೀನಿ. ಟವೆಲ್ ಕಿತ್ತವನು ಆ ಬೋಳಿಮಗ ಅಂತ, ಬೆರಳು ಮಾಡಿ ತೋರಿಸ್ತೀನಿ."

ತಪ್ಪು ಅಪ್ಪನದೆಂದಾದರೆ ಕೆಲಸವಿಲ್ಲ, ಪರಿಹಾರವಿಲ್ಲ, ಮಿಲ್ಲಿನವರು ಕೊಟ್ಟ ಈ ಎರಡು ಕೋಣೆಯೂ ಇಲ್ಲ. ಅಪ್ಪ ಬೇಲಿಯೊಳಗೆ ಬಗ್ಗಿದ್ದವನು, ಏನನ್ನೂ ಕಂಡವನಲ್ಲ. ಮಾವನ ಬಾಯಿಯೇ ಗತಿ.

"ಇವಳೂ ಅಲ್ಲೇ ಇದ್ಳಲ್ಲ?" ಎಂದು ಒಮ್ಮೆ ಅಪ್ಪ ಕೇಳಿದ.

"ಮಗೂನ ಎಳೀಬೇಡ ಭಾವ. ಅವಳ ಕೆಲಸಾನೂ ಹೋಗುತ್ತೆ. ಅದೂ ಅಲ್ದೆ ಇವಳು ಬಾಯಿ ಬಿಡೋಷ್ಟ್ರಲ್ಲಿ ವಿಚಾರಣೆಗೆ ಬರೋ ಅಧಿಕಾರಿ ರಿಟೈರಾಗ್ತಾನೆ." ಎಲ್ಲರೂ ನಕ್ಕರು. ಅಪ್ಪನೂ ನಕ್ಕ, ಬಹಳ ದಿನಗಳ ಮೇಲೆ. ಅವಳಿಗೆ ಹಗುರವೆನಿಸಿತು. ಮಾವ ಹೇಳುತ್ತಾನೆ. ತಾನು ಹೇಳಬೇಕಾಗಿಲ್ಲ.

ವಿಚಾರಣೆಯ ಹಿಂದಿನ ದಿನ ಮ್ಯಾನೇಜರ್ ಅವಳನ್ನು ಒಳಗೆ ಕರೆದ. ಕೂರು ಎನ್ನಲಿಲ್ಲ.

"ಅವತ್ತು ನೀನು ಗ್ಲಾಸ್ ತೊಳೆಯೋಕೆ ಹೋಗಿದ್ದೆ, ಅಲ್ವಾ?"

ಅವಳು ನೆಲ ನೋಡಿದಳು.

"ಇದೇ ನೋಡು ನಿನ್ನಲ್ಲಿ ನಂಗೆ ಇಷ್ಟವಾಗೋದು. ಓದಿದ ಹುಡುಗೀರು ಸುಮ್ನೆ ವಟವಟ ಅಂತಾರೆ. ನಿನ್ನ ಕೆಲಸ ಖಾಯಂ ಮಾಡ್ಸೋ ಜವಾಬ್ದಾರಿ ನಂದು." ಅವಳು ಸುಮ್ಮನಿದ್ದುದನ್ನು ಒಪ್ಪಿಗೆಯೆಂದುಕೊಂಡು ಬಾಗಿಲತ್ತ ಕೈ ಬೀಸಿದ. ಸುಮ್ಮನಿದ್ದುದು ಒಪ್ಪಿಗೆಯೋ ಅಲ್ಲವೋ ಅವಳಿಗೂ ಖಚಿತವಿರಲಿಲ್ಲ. ಮನೆಗೆ ಬಂದು, ಅವತ್ತಿನಿಂದ ಬಚ್ಚಿಟ್ಟಿದ್ದ ಟವೆಲ್ ತೆಗೆದುಕೊಂಡು ಬಚ್ಚಲಲ್ಲಿ ಕೂತದ್ದು ಆಗಲೇ.

ವಿಚಾರಣೆ ಯಂತ್ರದ ಹತ್ತಿರವೇ ನಡೆಯಿತು. ಮೇಲಿನ ಆಫೀಸಿನಿಂದ ಬಂದ ಅಧಿಕಾರಿಗೆ ಲಿವರಿನ ಕಟ್ಟೆಯ ಮೇಲೆ ಕುರ್ಚಿ ಹಾಕಿದ್ದರು. ಮ್ಯಾನೇಜರ್ ಪಕ್ಕದಲ್ಲಿ. ಅವಳು ಹಿಂದೆ, ಮತ್ತೆ ನೀರಿನ ತಟ್ಟೆ ಹಿಡಿದು. ಅಪ್ಪನನ್ನು ಕೆಳಗೆ ನಿಲ್ಲಿಸಿದ್ದರು. ಖಾಲಿ ತೋಳನ್ನು ಅಮ್ಮ ಮಡಚಿ ಪಿನ್ನು ಹಾಕಿ ಕಳಿಸಿದ್ದಳು. ಸುತ್ತ ಆಳುಗಳು.

ಮಾವ ಬಂದ. ತಲೆಯ ಮೇಲೆ ಟವೆಲ್ ಇರಲಿಲ್ಲ. ಬಿಳಿ ಹೆಲ್ಮೆಟ್ ಇತ್ತು. ಮಿಲ್ಲಿನಲ್ಲಿ ಬಿಳಿ ಹೆಲ್ಮೆಟ್ ಹಾಕುವವನು ಫೋರ್ಮನ್ ಒಬ್ಬನೇ. ಅಪ್ಪ ಅದನ್ನೇ ನೋಡಿದ. ಅವನ ಮುಖದಲ್ಲಿ ಎಲ್ಲವೂ ಅಲ್ಲಿಯೇ ಮುಗಿದುಹೋಯಿತು. ಆಮೇಲೆ ಮಾವ ಆಡಿದ್ದು ಬರೀ ಮಾತು.

"ಲಿವರಿನ ಮೇಲೆ ಟವೆಲ್ ಇತ್ತೇನಯ್ಯಾ?" ಅಧಿಕಾರಿ ಕೇಳಿದ.

"ಇರ್ಲಿಲ್ಲ ಸಾರ್."

"ಇವನು ಹಾಕೇ ಇರ್ಲಿಲ್ವಾ?"

"ಇಲ್ಲ ಸಾರ್. ಹಾಕ್ದೇನೇ ನುಗ್ಗಿದ. ನಮ್ಮ ಭಾವಂಗೆ ಮೊದ್ಲಿಂದಾನೂ ಸ್ವಲ್ಪ ಅವಸರ ಸಾರ್."

ಆಳುಗಳ ನಡುವಿನಿಂದ, ಹೊಗೆ ಕುಡಿದು ಗಂಟಲು ಕಟ್ಟಿದ ಕುಲುಮೆಯ ಮುದುಕ ಕ್ಯಾಕರಿಸಿ ಉಗಿದ. "ಥೂ ನಿನ್ನ! ಅಕ್ಕನ ಮನೆ ಅನ್ನ ತಿಂದ ಬಾಯಲ್ವೇನೋ ಅದು, ಸೂಳೆಮಗ್ನೆ!"

"ಏಯ್, ಯಾವನೋ ಅವ್ನು? ಗೇಟಿಂದಾಚೆ ಹೋಗೋ ಆಸೆನಾ?" ಮ್ಯಾನೇಜರ್ ಗದರಿದ.

ಅಪ್ಪ ಕೂಗಲಿಲ್ಲ. "ಮೈದುನ," ಎಂದ, ಮನೆಯಲ್ಲಿ ಕರೆಯುವಂತೆಯೇ. "ಹೆಲ್ಮೆಟ್ ತೆಗೆದು ಹೇಳು. ಮುಖ ಕಾಣಲಿ."

ಮಾವ ತೆಗೆಯಲಿಲ್ಲ. ಪಟ್ಟಿಯನ್ನು ಗಲ್ಲದ ಕೆಳಗೆ ಇನ್ನಷ್ಟು ಬಿಗಿ ಮಾಡಿಕೊಂಡ.

"ನೀನೇನಯ್ಯಾ ಹೇಳೋದು?" ಅಧಿಕಾರಿ ಅಪ್ಪನತ್ತ ಬಗ್ಗಿದ. "ಕುಡ್ದಿದ್ಯಾ ಅವತ್ತು? ಕುಡ್ದಿದ್ರೆ ಹೇಳಿಬಿಡು, ನಾಚ್ಕೋಬೇಡ. ನಿಮ್ಮಂಥವರಿಗೆ ಅದೇನು ಹೊಸದಾ?" ಎಂದು ತಾನೇ ನಕ್ಕು, ಕೈಗಡಿಯಾರ ನೋಡಿಕೊಂಡು, "ಸರಿ, ಯಂತ್ರ ಒಂದ್ಸಲ ನಡೆಸಿ ತೋರ್ಸಿ. ಮುಗಿಸೋಣ," ಎಂದ.

ಕುಲುಮೆಯ ಬಾಯಿ ತೆರೆಯಿತು. ಕೆಂಪು ದಿಮ್ಮಿ ಉರುಳೆಗಳ ಮೇಲೆ ಗಡಗಡ ಬಂದಿತು. ಮಾವ ಲಿವರ್ ಎಳೆದ. ಕೊಕ್ಕೆಗಳು ಎದ್ದವು. ದಿಮ್ಮಿ ಅರ್ಧ ಮಗುಚಿ, ಅಂಚಿನ ಮೇಲೆ ನಿಂತು, ಸಿಕ್ಕಿಕೊಂಡಿತು.

"ಇಂಥಾದ್ರಲ್ಲೇ ಸಾರ್ ಅವನು ಒಳಗೆ ನುಗ್ಗಿದ್ದು," ಎಂದು ಮಾವ ಲಿವರ್ ಬಿಟ್ಟು, ಬೇಲಿಯ ಕಡೆ ಕೈ ತೋರಿಸಿದ.

ಅವಳು ತಟ್ಟೆಯನ್ನು ನೆಲಕ್ಕಿಟ್ಟಳು. ಗ್ಲಾಸು ಚೆಲ್ಲದಂತೆ, ಮೆಲ್ಲಗೆ. ಲಂಗಕ್ಕೆ ಸಿಕ್ಕಿಸಿಕೊಂಡಿದ್ದ ಟವೆಲ್ ಎಳೆದಳು. ಮುಂದೆ ಬಂದು ಲಿವರಿಗೆ ಹಾಕಿದಳು.

ನೀಲಿ ಅಂಚು, ಕೆಂಪು ದಾರ, ಕಪ್ಪು ಬೆರಳುಗಳು.

"ಏನೇ ಇದು?" ಮ್ಯಾನೇಜರನ ಸ್ವರ ಸೀಳಿತು. "ತೆಗಿಯೋ ಅದನ್ನ!"

ಮಾವನ ಕೈ ಮುಂದೆ ಹೋಯಿತು. ಟವೆಲಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಫೋರ್ಮನ್ನನ ಹೆಲ್ಮೆಟ್ ಹಾಕಿದ್ದರೂ ಆ ಕೈ ಇಷ್ಟು ವರ್ಷ ಲಿವರ್ ಹಿಡಿದ ಕೈ. ಅದು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ.

"ದಿಮ್ಮಿ ಆರ್ತಾ ಇದೆ ಕಣ್ರೋ! ಯಾರಾದ್ರೂ ತೆಗೀರೋ!"

ಯಾರೂ ಕದಲಲಿಲ್ಲ. ಮ್ಯಾನೇಜರ್ ತಾನೇ ಕೈ ಚಾಚಿದ. ಕುಲುಮೆಯ ಮುದುಕ ಕಟ್ಟೆಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ. ಕೈಯಲ್ಲಿ ಹಾರೆ ಇತ್ತು, ಸುಮ್ಮನೆ, ದಿನಾ ಇರುವಂತೆ. ಮ್ಯಾನೇಜರನ ಕೈ ಜೇಬಿಗೆ ಹೋಯಿತು.

"ಯಾರದಿದು ಕೊಳಕು ಬಟ್ಟೆ?" ಅಧಿಕಾರಿ ಕುರ್ಚಿಯಿಂದ ಎದ್ದ.

"ನಂದು ಸಾರ್," ಎಂದ ಅಪ್ಪ.

"ನಿಂದಾದ್ರೆ ನೀನೇ ಬಂದು ತೆಗಿ."

"ಆಗಲ್ಲ ಸಾರ್. ಒಳಗೆ ಹೋದವ್ನು ಆಚೆ ಬಂದ್ಮೇಲೆ ತೆಗೀಬೇಕು. ಅದು ಇಲ್ಲೀ ಪದ್ಧತಿ." ಅಪ್ಪ ಪಿನ್ನು ಹಾಕಿದ ತೋಳನ್ನು ಎತ್ತಿದ. "ನನ್ನ ಕೈ ಇನ್ನೂ ಆಚೆ ಬಂದಿಲ್ಲ."

ಅರ್ಧ ಮಗುಚಿದ ದಿಮ್ಮಿಯ ಅಂಚು ಕೆಂಪಿನಿಂದ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಅಂಚಿನಿಂದ ನಡುವಿಗೆ ಕಪ್ಪು ಹಬ್ಬುತ್ತಿತ್ತು. ಆರಿದ ಕಬ್ಬಿಣ ಒಳಗೊಳಗೇ ಟಿಕ್ ಟಿಕ್ ಎನ್ನುವುದು ಕೇಳುವಷ್ಟು ಮಿಲ್ಲು ಸುಮ್ಮನಾಗಿತ್ತು.

"ಈ ಹುಡುಗಿ ಯಾರು?" ಅಧಿಕಾರಿ ಮ್ಯಾನೇಜರನ್ನು ಕೇಳಿದ.

"ಇವನ ಮಗಳು ಸಾರ್. ಮೂಗಿ. ತಲೆ ಸರಿ ಇಲ್ಲ, ನೀವು ಕೂತ್ಕೊಳ್ಳಿ."

"ಬಾರೇ ಮಗೂ," ಮಾವ ಪಿಸುಗುಟ್ಟಿದ. ಬೆವರು ಹೆಲ್ಮೆಟ್ಟಿನ ಪಟ್ಟಿಯಿಂದ ಇಳಿಯುತ್ತಿತ್ತು. "ಈಕಡೆ ಬಾ. ಮಾವ ಹೇಳ್ತಾ ಇದೀನಲ್ಲ. ಮನೇಲಿ ಮಾತಾಡೋಣ."

ಮಾತು ಎಂದಿನಂತೆ ಗಂಟಲಿಗೆ ಬಂದಿತ್ತು, ಕೂರಲು ಜಾಗ ಹುಡುಕುತ್ತಿತ್ತು. ಅವಳು ಟವೆಲಿನ ಕೆಂಪು ಹೊಲಿಗೆಯನ್ನು ಹಿಡಿದುಕೊಂಡಳು.

"ಟವೆಲ್ ಇತ್ತು," ಎಂದಳು. ತನ್ನ ಧ್ವನಿ ಇಷ್ಟು ದಪ್ಪವೆಂದು ಅವಳಿಗೆ ಗೊತ್ತಿರಲಿಲ್ಲ. ಮ್ಯಾನೇಜರನ ಕಡೆ ಬೆರಳು ಮಾಡಿದಳು. "ಇವರು ತೆಗೆದ್ರು."