ಛತ್ರಿಯ ಆಯ

ತುರ್ವಿಹಾಳದಲ್ಲಿ ಬಡಿಗನಿಗೆ ಆಯ ಉಂಟು, ಕಮ್ಮಾರನಿಗೆ ಆಯ ಉಂಟು. ಸುಗ್ಗಿಯಲ್ಲಿ ರಾಶಿ ಎದ್ದ ದಿನ ಕಣಕ್ಕೇ ಹೋಗಿ ಭತ್ತ ಅಳೆಸಿಕೊಂಡು ಬಂದರೆ ಮುಗಿಯಿತು, ಮುಂದಿನ ಸುಗ್ಗಿಯವರೆಗೆ ಅವರು ಕೆಲಸ ಮಾಡಿಕೊಡಬೇಕು, ನಡುವೆ ಕೈ ಚಾಚುವಂತಿಲ್ಲ. ಆಯ ಎರಡು ಸಲ ಕೇಳಿದವನನ್ನು ಆ ಊರಲ್ಲಿ ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದೆಲ್ಲ ಹಳೆಯ ಕಾಲದ್ದು, ಇರಲಿ. ಆದರೆ ಟಿವಿ ತೋರಿಸುವುದಕ್ಕೂ ಆಯ ಎತ್ತಿದವಳು ಇಡೀ ಸಿಂಧನೂರು ತಾಲ್ಲೂಕಿನಲ್ಲಿ ತಿಮ್ಮವ್ವ ಒಬ್ಬಳೇ.

ಶುರು ಮಾಡಿದ್ದು ಅವಳ ಗಂಡ ಆದಪ್ಪ. ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದ ಮನುಷ್ಯ ತೊಂಬತ್ಮೂರರಲ್ಲಿ ಮಾಳಿಗೆಯ ಮೇಲೆ ಒಂದು ದೊಡ್ಡ ತಟ್ಟೆ ಕೂರಿಸಿ ಮನೆಮನೆಗೆ ವೈರ್ ಎಳೆದ. ಊರವರು ಆ ತಟ್ಟೆಯನ್ನು ಛತ್ರಿ ಎಂದರು. ತಿಂಗಳಿಗೊಮ್ಮೆ ರೊಕ್ಕ ಕೇಳಲು ಹೋದರೆ, "ತಿಂಗಳಾ ತಿಂಗಳಾ ಎಲ್ಲಿಂದ ತರೂಣಪಾ? ಸುಗ್ಗಿಗೆ ಕಣಕ್ಕ ಬಾ, ಎರಡು ಚೀಲ ಭತ್ತ ಹಾಕ್ತೀವಿ," ಎಂದರು. ಎರಡನೆಯ ವರ್ಷ ಆದಪ್ಪ ಕಂಬದಿಂದ ಬಿದ್ದು ಸೊಂಟ ಮುರಿದುಕೊಂಡ. ತಿಮ್ಮವ್ವ ಸೀರೆಯ ಕಚ್ಚೆ ಬಿಗಿದು ತಾನೇ ಕಂಬ ಹತ್ತಿದಳು. ನಕ್ಕವರು ಬಹಳ ಮಂದಿ. ನಕ್ಕವರ ಮನೆಯ ಟಿವಿಯೂ ಕೆಡುತ್ತದಲ್ಲ, ಆಗ ನಗು ತಾನಾಗಿ ನಿಂತಿತು. ತೊಂಬತ್ತೇಳರ ಹೊತ್ತಿಗೆ ತೊಂಬತ್ತೆರಡು ಮನೆ, ತೊಂಬತ್ತೆರಡು ಕಣ ಅವಳ ಕೈಯಲ್ಲಿದ್ದವು. ಬಂದ ಭತ್ತವನ್ನು ಸಿಂಧನೂರಿನ ಮಿಲ್ಲಿಗೆ ಮಾರಿ ಅದರಲ್ಲೇ ವರ್ಷ ತೂಗಿಸುತ್ತಿದ್ದಳು.

ಆ ವರ್ಷದ ಜೂನ್‌ನಲ್ಲಿ ಸಿಂಧನೂರಿನ ಏಜೆಂಟ್ ಸೂಗಪ್ಪನಿಂದ ಕರೆ ಬಂತು. ಆಟದ ಚಾನೆಲ್ಲನ್ನು ಬಿಡಿಸಿ ತೋರಿಸುವ ಪೆಟ್ಟಿಗೆಯನ್ನು ಸುತ್ತಲಿನ ಊರುಗಳಿಗೆ ಕೊಡುವವನು ಅವನೇ. ಬಸ್‌ಸ್ಟ್ಯಾಂಡಿನ ಹಿಂದಿನ ಮಾಳಿಗೆಯ ಮೇಲೆ ಕೇಬಲ್ಲಿನವರೆಲ್ಲ ಸೇರಿದ್ದರು. ಮಸ್ಕಿಯಿಂದ ಇಸ್ಮಾಯಿಲ್‌ಸಾಬ್ ಬಂದಿದ್ದ, ಲಿಂಗಸುಗೂರಿನಿಂದ ವೆಂಕೋಬ ಬಂದಿದ್ದ. ಹೆಂಗಸು ಅಂದರೆ ತಿಮ್ಮವ್ವ ಒಬ್ಬಳೇ.

"ನೀವು ಮನಿಗೆ ತಿಂಗಳಾ ಮೂರು ರೂಪಾಯಿ ಕೊಡತಿದ್ದದ್ದು ಮುಂದಿನ ತಿಂಗಳಿಂದ ಎಂಟು," ಎಂದ ಸೂಗಪ್ಪ. ಎಲ್ಲರೂ ಹೋ ಎಂದರು. ಅವನು ಕೈ ಎತ್ತಿ ಸುಮ್ಮನಾಗಿಸಿದ. "ನನ್ನ ಮ್ಯಾಲೆ ಯಾಕ ಬರ್ತೀರಿ? ಇಂಗ್ಲೆಂಡಿನಾಗ ಫುಟ್‌ಬಾಲ್ ಆಡ್ತಾರ, ಎಲ್ಲಾಕ್ಕಿಂತ ಮ್ಯಾಲಿನ ದರ್ಜೆ ಆಟ. ಅದನ್ನ ಹೊರದೇಶದಾಗ ಟಿವಿಗೆ ತೋರಸೋ ಹಕ್ಕು ಮಾರ್ತಾರ. ಹೋದ ಸಲಕ್ಕಿಂತ ಈ ಸಲ ಅದರ ಕಿಮ್ಮತ್ತು ಎಷ್ಟೋ ಪಟ್ಟು ಏರೇದ. ನಾ ಮುಂದ ತಾ ಮುಂದ ಅಂತ ಬಿದ್ದು ಕೊಂಡಾರ ಚಾನೆಲ್‌ನೋರು. ಆ ಭಾರ ಎಲ್ಲಾರೂ ಹೊರಬೇಕಲ್ಲ."

ತಿಮ್ಮವ್ವ ಎದ್ದು ನಿಂತಳು. "ಅವ್ರು ಅಲ್ಲಿ ಚೆಂಡು ಒದ್ರ ಏಟು ನಮಗ ಬೀಳಬೇಕೇನ್ರೀ? ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದಂಗಾತು. ನಮ್ಮೂರಾಗ ಆ ಆಟ ನೋಡಾಂವ ಮೌಲಾಹುಸೇನ ಒಬ್ಬ. ಹಟ್ಟಿ ಗಣಿಯಾಗ ಇದ್ದಾಗ ಆಡಿದ್ದನಂತ, ಅದಕ್ಕ ನೋಡ್ತಾನ. ಅವನೊಬ್ಬನ ಎಂಟು ರೂಪಾಯಿ ತೊಗೊಳ್ರಿ, ಉಳಿದೋರದು ಬಿಡ್ರಿ."

"ಕ್ರಿಕೆಟ್ಟೂ ಅದೇ ಚಾನೆಲ್‌ನಾಗ ಬರ್ತದ ಅಕ್ಕಾರ. ಬ್ಯಾರೆ ಮಾಡಿ ಕೊಡಾಕ ಬರಂಗಿಲ್ಲ. ಬೇಕಂದ್ರ ಎಲ್ಲಾ, ಬ್ಯಾಡಂದ್ರ ಏನೂ ಇಲ್ಲ."

"ನಾ ಡಿಸೆಂಬರದಾಗ ಆಯ ತೊಗೊಂಡೀನಿ. ಮತ್ತ ಡಿಸೆಂಬರದ ತನಕ ಯಾರನ್ನೂ ಕೇಳಂಗಿಲ್ಲ. ಸುಗ್ಗಿ ತನಕ ತಡೀರಿ."

"ಇಂಗ್ಲೆಂಡಿನೋರಿಗೆ ನಿಮ್ಮ ಸುಗ್ಗಿ ಗೊತ್ತಿಲ್ಲ ಅಕ್ಕಾರ," ಎಂದು ಸೂಗಪ್ಪ ನಕ್ಕ. ಸುತ್ತ ಕೂತವರೂ ನಕ್ಕರು. ನಗುತ್ತಲೇ ಒಬ್ಬೊಬ್ಬರಾಗಿ ಕಾಗದಕ್ಕೆ ಸಹಿ ಹಾಕತೊಡಗಿದರು.

ತಿಮ್ಮವ್ವ ಸಹಿ ಹಾಕದೆ ಎದ್ದು ಬಂದಳು. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಪೆಟ್ಟಿಗೆಯನ್ನು ಗೋಣಿತಟ್ಟಿನಲ್ಲಿ ಸುತ್ತಿ ತಂದು ಸೂಗಪ್ಪನ ಟೇಬಲ್ಲಿನ ಮೇಲೆ ಇಟ್ಟಳು. "ತೊಗೊಳ್ರಿ. ಆಯ ಎರಡು ಸಲ ಕೇಳಿ ಊರಾಗ ತಲಿ ಎತ್ತಿ ತಿರುಗಾಕ ನನ್ನಿಂದ ಆಗಂಗಿಲ್ಲ," ಎಂದು ಅದೇ ಬಸ್ಸಿಗೆ ತಿರುಗಿ ಬಂದಳು.

ಊರು ಸುಮ್ಮನಿರುತ್ತದೆಯೇ? ಮುಂದಿನ ವಾರವೇ ಕ್ರಿಕೆಟ್ ಇತ್ತು. ಉಳಿದ ಚಾನೆಲ್ಲುಗಳು ಬರುತ್ತಿದ್ದರೂ ಮನೆಯ ಮುಂದೆ ಮಂದಿ ನೆರೆದರು. ಎಲ್ಲರಿಗಿಂತ ಮುಂದೆ ನಿಂತವನು ವಿರೂಪಾಕ್ಷಪ್ಪ, ಕಾಲುವೆ ಕೆಳಗೆ ಮೂವತ್ತೆಕರೆ ಗದ್ದೆಯ ಸಾಹುಕಾರ.

"ಆಯ ತಿಂದು ಆಟ ಬಂದ್ ಮಾಡೀಯಲ್ಲ ತಿಮ್ಮವ್ವ, ಇದ್ಯಾವ ನ್ಯಾಯ?"

"ನಿಮ್ಮ ಮಾತು ಖರೇ ಐತ್ರಿ," ಎಂದಳು ತಿಮ್ಮವ್ವ. ಸುತ್ತು ಬಳಸಿ ಮಾತಾಡುವುದು ಅವಳಿಗೆ ಹುಟ್ಟಿನಿಂದಲೇ ಬಾರದು. "ಅರ್ಧ ವರ್ಷ ಆಗೇದ, ಅರ್ಧ ಉಳದೇದ. ಬೇಕಾದೋರು ಒಂದೊಂದು ಚೀಲ ತಿರುಗಿ ಒಯ್ರಿ. ಆದ್ರ ಮತ್ತೊಮ್ಮೆ ಆಯ ಕೊಡ್ರಿ ಅಂತ ಮಾತ್ರ ನಾ ಕೇಳಂಗಿಲ್ಲ."

ಮಾರಿದ ಭತ್ತ ಮಾರಿಯಾಗಿತ್ತು. ಉಳಿದಿದ್ದು ಉಣ್ಣಲು ಇಟ್ಟುಕೊಂಡದ್ದು. ಅದನ್ನೇ ಅಂಗಳಕ್ಕೆ ಎಳೆದು ತಂದು ಅಳೆಯಲು ಕೂತಳು. ಒಂದು ಎನ್ನದೆ, ರಾಶಿಯಲ್ಲಿ ಎಣಿಸುವ ಹಾಗೆ "ಲಾಭ" ಎಂದು ಶುರು ಮಾಡಿ "ಎರಡು, ಮೂರು" ಎಂದು ಸೇರು ಸುರಿಯುತ್ತ ಹೋದಳು. ಕೊಡುವಾಗಲೂ ಲಾಭ ಎನ್ನುತ್ತಾಳಲ್ಲ ಎಂದು ಕೆಲವರು ಕಸಿವಿಸಿಗೊಂಡು ಹಿಂದಕ್ಕೆ ಸರಿದರು. ವಿರೂಪಾಕ್ಷಪ್ಪ ಸರಿಯಲಿಲ್ಲ. ಅವನನ್ನು ನೋಡಿ ಇನ್ನೂ ಹತ್ತು ಮನೆಯವರು ಚೀಲ ಹೊತ್ತರು. ಒಳಗೆ ಹೊರಸಿನ ಮೇಲೆ ಮಲಗಿದ್ದ ಆದಪ್ಪ ಗೋಡೆಗೆ ಮುಖ ಮಾಡಿ ಅತ್ತ. ತಿಮ್ಮವ್ವನಿಗೂ ಅಳು ಬಂದಿತ್ತು, ಆದರೆ ಎಣಿಕೆ ತಪ್ಪುತ್ತದೆಂದು ಅಳಲಿಲ್ಲ.

ಈ ಸುದ್ದಿ ಬಸ್ಸು ಹತ್ತಿ ಮಸ್ಕಿಗೆ ಹೋಯಿತು. ಸಹಿ ಹಾಕಿ ಬಂದು ಗಿರಾಕಿಗಳ ಬೈಗುಳ ತಿನ್ನುತ್ತಿದ್ದ ಇಸ್ಮಾಯಿಲ್‌ಸಾಬ್, "ಒಂದು ಹೆಣ್ಣಮಗಳು ತನ್ನ ಉಣ್ಣೋ ಭತ್ತ ಅಳೆದು ಕೊಟ್ಟಾಳ, ನಾವು ಮೀಸಿ ಹೊತ್ತು ಏನು ಮಾಡಾಕತ್ತೀವಿ?" ಎಂದು ತನ್ನ ಪೆಟ್ಟಿಗೆಯನ್ನೂ ತಂದು ಸೂಗಪ್ಪನ ಮುಂದಿಟ್ಟ. ಎರಡು ದಿನ ಬಿಟ್ಟು ಲಿಂಗಸುಗೂರಿನ ವೆಂಕೋಬನದೂ ಬಂತು. ಈಗ ಮೇಲಿನ ಚಾನೆಲ್‌ನವರು ಸೂಗಪ್ಪನ ಜುಟ್ಟು ಹಿಡಿದರು. ಮನೆಗಳು ಕಡಿಮೆಯಾದರೆ ಅವರಿಗೂ ನಷ್ಟ. ಇಷ್ಟು ಕಣ್ಣು ನೋಡುತ್ತವೆ ಎಂದು ತೋರಿಸಿಯೇ ಅವರು ಜಾಹೀರಾತು ತರುವುದು.

ಸೂಗಪ್ಪ ತಾನೇ ಜೀಪು ಮಾಡಿಕೊಂಡು ತುರ್ವಿಹಾಳಕ್ಕೆ ಬಂದ. ಪೆಟ್ಟಿಗೆ ತೊಡೆಯ ಮೇಲಿತ್ತು. ಕಟ್ಟೆಯ ಮೇಲೆ ಕೂತು ದನಿ ತಗ್ಗಿಸಿದ. "ಅಕ್ಕಾರ, ನಿಮಗೊಬ್ಬರಿಗೆ ಹಳೇ ರೇಟು. ಸುಗ್ಗಿ ತನಕ ಅಲ್ಲ, ಮುಂದಿನ ವರ್ಷ ಪೂರ್ತಿ. ಮಸ್ಕಿಯೋರಿಗೆ, ಲಿಂಗಸುಗೂರಿನೋರಿಗೆ ಹೇಳಬ್ಯಾಡ್ರಿ ಅಷ್ಟ."

ಒಳಗಿನಿಂದ ಆದಪ್ಪ ಕೂಗಿದ. "ಹೂಂ ಅನ್ನು ತಿಮ್ಮವ್ವಾ! ನಿನ್ನ ಮಾತೂ ಉಳೀತು, ನಮ್ಮ ಅನ್ನಾನೂ ಉಳೀತು!"

ಸುಳ್ಳೇಕೆ ಹೇಳಬೇಕು, ತಿಮ್ಮವ್ವನ ಮನಸ್ಸು ಒಂದು ಗಳಿಗೆ ಜಾರಿತು. ಅಡುಗೆಮನೆಯಲ್ಲಿ ಇನ್ನು ಮೂರು ವಾರದ ಭತ್ತವಿತ್ತು. ಅವಳು ಕೈ ಮುಂದೆ ಮಾಡಿ ಪೆಟ್ಟಿಗೆಯನ್ನು ಮುಟ್ಟಿದಳು ಕೂಡ. ಮುಟ್ಟಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದಳು.

"ಏನ್ರೀ, ನೀವು ಸುಮ್ಕ ಮಕ್ಕೊಳ್ರಿ," ಎಂದು ಮೊದಲು ಗಂಡನಿಗೆ ಹೇಳಿದಳು. ಆಮೇಲೆ ಸೂಗಪ್ಪನಿಗೆ: "ನನ್ನ ನೋಡಿ ಅವರು ಪೆಟಗಿ ಬಿಟ್ಟಾರ. ನಾ ಅವರನ್ನ ಬಿಟ್ಟು ಹೆಂಗ ತೊಗೊಳ್ಳಿ? ಮದಲ ಮಸ್ಕಿಗೆ ಹೋಗ್ರಿ. ಅಲ್ಲಿಂದ ಲಿಂಗಸುಗೂರಿಗೆ ಹೋಗ್ರಿ. ಇಬ್ಬರಿಗೂ ಸುಗ್ಗಿ ತನಕ ಹಳೇ ರೇಟು ಬರದು ಕೊಟ್ಟು ಕಡೀಗೆ ಇಲ್ಲಿಗೆ ಬರ್ರಿ."

"ಸುಗ್ಗಿ ಆದಮ್ಯಾಲೆ? ಆಗಾದ್ರೂ ಎಂಟು ಕೊಡಿಸ್ತೀರೇನು?"

"ಅದನ್ನ ಕೊಡೋರನ್ನ ಕೇಳ್ರಿ. ಕಣಕ್ಕ ನೀವಾ ಬರ್ರಿ. ಏರಿಸಿದೋರು ನೀವು, ಕೇಳೋರೂ ನೀವಾ ಆಗಬೇಕು. ಹೂಂ ಅಂದ್ರ ಅದನ್ನೂ ಕಾಗದದಾಗ ಬರೀರಿ."

ಸೂಗಪ್ಪ ಜೀಪು ಹತ್ತಿ ಹೋದ. ಮೂರು ದಿನ ಸುದ್ದಿಯಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಮಸ್ಕಿ ಕಡೆಯಿಂದ ಅದೇ ಜೀಪು ಬಂತು. ಮೂರೂ ಊರಿಗೆ ಸುಗ್ಗಿ ತನಕ ಹಳೇ ರೇಟು ಎಂದು ಬರೆದ ಕಾಗದವನ್ನು ಆದಪ್ಪ ಎರಡು ಸಲ ಓದಿ ಹೇಳಿದ ಮೇಲೆ ತಿಮ್ಮವ್ವ ಸಹಿ ಹಾಕಿ, ಕಚ್ಚೆ ಬಿಗಿದು, ಪೆಟ್ಟಿಗೆಯೊಂದಿಗೆ ಮಾಳಿಗೆ ಹತ್ತಿದಳು. ಚೀಲ ಒಯ್ದ ಹನ್ನೊಂದು ಮನೆಯವರಲ್ಲಿ ಹತ್ತು ಮಂದಿ ಸಂಜೆಯೊಳಗೆ ಮರಳಿ ತಂದು ಹಾಕಿದರು. ವಿರೂಪಾಕ್ಷಪ್ಪ ಎಲ್ಲರಿಗಿಂತ ಕೊನೆಗೆ, ಆಳಿನ ಕೈಯಲ್ಲಿ ಕಳಿಸಿದ.

ಡಿಸೆಂಬರ್ ಬಂತು, ಸುಗ್ಗಿ ಬಂತು. ಕಾಗದದಲ್ಲಿ ಬರೆದ ಹಾಗೆ ಸೂಗಪ್ಪ ಇಸ್ತ್ರಿ ಪ್ಯಾಂಟು, ಮಿರಮಿರ ಬೂಟು ಹಾಕಿಕೊಂಡು ಬೆಳಿಗ್ಗೆಯೇ ಹಾಜರಾದ. ತಿಮ್ಮವ್ವ ಮೊದಲು ಕರೆದೊಯ್ದದ್ದು ವಿರೂಪಾಕ್ಷಪ್ಪನ ಕಣಕ್ಕೆ, ಆ ಗದ್ದೆಯ ಬದುವಿನಲ್ಲೇ ಆಳುಗಳು ಅವನನ್ನು ತಡೆದರು. ರಾಶಿ ಇರುವಾಗ ಕಾಲ್ಮರಿ ಹಾಕಿಕೊಂಡು ಯಾರೂ ಕಣ ತುಳಿಯುವಂತಿಲ್ಲ. ಬೂಟು ಬಿಚ್ಚಿ, ಗದ್ದೆಯ ಕೂಳೆ ಚುಚ್ಚಿಸಿಕೊಳ್ಳುತ್ತ ಹೋಗಿ ಅವನು ಇಂಗ್ಲೆಂಡಿನ ಫುಟ್‌ಬಾಲಿನ ಕಥೆ ಹೇಳಿದ. ಹಕ್ಕಿನ ಕಿಮ್ಮತ್ತು ಏರಿದ್ದು ಹೇಳಿದ. ಆಯ ಎರಡು ಚೀಲ ಇದ್ದದ್ದು ಇನ್ನು ಮೇಲೆ ಎರಡು ಚೀಲ ಹತ್ತು ಸೇರು ಆಗಬೇಕು ಎಂದ.

ವಿರೂಪಾಕ್ಷಪ್ಪ ಪೂರ್ತಿ ಕೇಳಿ ಒಂದು ಮುಷ್ಟಿ ಭತ್ತ ಎತ್ತಿ ತೋರಿಸಿದ. "ಅಲ್ಲಪಾ, ಅವರ ಆಟ ಅಷ್ಟು ಪಟ್ಟು ಏರೇದ ಅಂತೀ. ಅವರದು ಏರಿದಾಗ ನಾ ಕೊಡಬೇಕು. ಇದರ ರೇಟು ಯಾಕ ಏರವಲ್ತು? ಇದಕ್ಕೂ ಒಂದು ಹಕ್ಕು ಇಲ್ಲೇನು? ಅದನ್ನ ಹೇಳು, ಹತ್ತು ಯಾಕ, ಇಪ್ಪತ್ತು ಸೇರು ಹಾಕ್ತೀನಿ."

ಸೂಗಪ್ಪ ಬೂಟು ಕೈಯಲ್ಲಿ ಹಿಡಿದು ಮುಂದಿನ ಕಣಕ್ಕೆ ನಡೆದ. ಎರಡನೆಯ ಕಣದಲ್ಲೂ ಅದೇ ಮಾತು. ಮೂರನೆಯದರಲ್ಲಿ ಗ್ಯಾನಮ್ಮ ಎಂಬ ಮುದುಕಿ, "ಆ ಚೆಂಡಿನೊಳಗ ಬಂಗಾರ ತುಂಬ್ಯಾರೇನಪಾ?" ಎಂದು ಕೇಳಿ, ಕುಡಿಯಲು ಮಜ್ಜಿಗೆ ಕೊಟ್ಟಳೇ ಹೊರತು ಸೇರು ಏರಿಸಲಿಲ್ಲ. ತಿಮ್ಮವ್ವ ಅವನ ಪರವಾಗಿಯೂ ಮಾತಾಡಲಿಲ್ಲ, ವಿರುದ್ಧವಾಗಿಯೂ ಮಾತಾಡಲಿಲ್ಲ. ಸುಮ್ಮನೆ ಮುಂದೆ ಮುಂದೆ ನಡೆದಳು. ಬಿಸಿಲು ಏರಿತು. ಏಳನೆಯ ಕಣ ಮುಗಿಸಿ ಹೊರಗೆ ಬಂದಾಗ ಸೂಗಪ್ಪನ ದನಿ ಬಿದ್ದುಹೋಗಿತ್ತು, ಅಂಗಾಲಿನಿಂದ ರಕ್ತ ಬರುತ್ತಿತ್ತು. ಬದುವಿನ ಮೇಲೆ ಕುಸಿದು ಕೂತ.

"ಅಕ್ಕಾರ, ಸಾಕು ಮಾಡ್ರಿ. ತುರ್ವಿಹಾಳಕ್ಕ ಹಳೇ ರೇಟು, ಬರದು ಕೊಡ್ತೀನಿ," ಎಂದು ಜೇಬಿನಿಂದ ಪೆನ್ನು ತೆಗೆದ.

ತಿಮ್ಮವ್ವ ಅವನ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತಳು.

"ತುರ್ವಿಹಾಳ ಒಂದಾ ಬರೀಬ್ಯಾಡ್ರಿ. ಮಸ್ಕಿ ಅಂತ ಬರೀರಿ, ಲಿಂಗಸುಗೂರು ಅಂತನೂ ಬರೀರಿ. ಇಲ್ಲಾಂದ್ರ ಇನ್ನೂ ಎಂಬತ್ತೈದು ಕಣ ಅದಾವು, ಏಳ್ರಿ."