ಪ್ಯಾಕಿಂಗ್ ಇಲ್ಲದ ಎಂಜಿನ್

ಹುಳಿ ವಾಸನೆ, ಮೂಗಿಗಿಂತ ಮೊದಲು ಕಣ್ಣಿಗೇ ಹತ್ತುತ್ತದೆ, ಟ್ಯೂಬು ಒತ್ತಿದರೆ ಮೂತಿಯಿಂದ ಬೂದು ಅಂಟು ಹುಳುವಿನ ಹಾಗೆ ಹೊರಳಿಕೊಂಡು ಬರುತ್ತದೆ, ತೆಳ್ಳಗೆ, ಇನ್ನೂ ತೆಳ್ಳಗೆ, ಹೆಚ್ಚಾದರೆ ಒಳಗೆ ಉಕ್ಕಿ ಎಣ್ಣೆಯ ದಾರಿ ಕಟ್ಟುತ್ತದೆ, ಕಡಿಮೆಯಾದರೆ ಎಣ್ಣೆ ಹೊರಗೆ ಸೋರುತ್ತದೆ, ಅತಿಯಾದರೆ ಅಮೃತವೂ ವಿಷ ಎಂದು ಅತ್ತೆ ಹೇಳುತ್ತಿದ್ದದ್ದು ಉಪ್ಪಿಗೆ, ಅಂಟಿಗೂ ಸರಿಹೋಗುತ್ತದೆ — ಅದರ ಮೇಲೆ ಈಗ ರೇಷ್ಮೆ ದಾರ, ಬೋಲ್ಟಿನ ತೂತುಗಳ ಒಳಮಗ್ಗುಲಿಗೆ, ಒಂದೇ ಎಳೆ, ಬಿಗಿದರೆ ಲೋಹದ ನಡುವೆ ಅಡಗಿಹೋಗುವಷ್ಟು ಸಣ್ಣದು, ಎಲ್ಲೂ ಒಂದರ ಮೇಲೊಂದು ಬೀಳಬಾರದು, ಇವಳ ಕಣ್ಣಿಗೆ ಕನ್ನಡಕ ಬಂದಿದೆ, ಬೆರಳಿಗೆ ಇನ್ನೂ ವಯಸ್ಸಾಗಿಲ್ಲ. ನದಿ ದಾಟಿಸುವ ದೋಣಿಯ ಎಂಜಿನ್, ಕೆಳಗಿನ ಹೋಳು ಮೇಜಿನ ಮೇಲೆ, ಮೇಲಿನ ಹೋಳು ಸರಪಳಿಯಲ್ಲಿ ತೂಗುತ್ತಿದೆ, ಸರಪಳಿಯ ಇನ್ನೊಂದು ತುದಿ ಗಂಡನ ಕೈಯಲ್ಲಿ, ಇವಳ ಬೆನ್ನ ಹಿಂದೆ. ದೋಣಿಯವನು ಎರಡು ಸಲ ವಾಪಸು ತಂದ, ಇನ್ನೊಂದ್ಸಲ ಸೋರಿದ್ರೆ ಬೇರೆ ಕಡೆ ನೋಡ್ಕೋತೀನಿ ಅಕ್ಕಾ, ಕಾಲಡಿ ಎಣ್ಣೆ ಕಂಡ್ರೆ ಹತ್ತಿದವರೂ ಇಳಿದು ಹೋಗ್ತಾರೆ, ಎಂದ. ಎರಡು ಸಲವೂ ದಾರ ಇಟ್ಟದ್ದು ಗಂಡ, ಅವರ ಕೈ ನಡುಗುತ್ತದೆ, ಅದನ್ನು ಅವರೂ ಹೇಳಲಿಲ್ಲ, ಇವಳೂ ಹೇಳಲಿಲ್ಲ, ಇವತ್ತು ಬೆಳಿಗ್ಗೆ ದಾರದ ಉಂಡೆ ಇವಳು ಕೂರುವ ಜಾಗದಲ್ಲಿತ್ತು, ಅಷ್ಟೇ.

ಈ ಜಾತಿಯ ಎಂಜಿನ್ನಿಗೆ ಎರಡು ಹೋಳಿನ ಮಧ್ಯೆ ಪ್ಯಾಕಿಂಗ್ ಹಾಳೆ ಹಾಕುವ ಹಾಗಿಲ್ಲ, ನಡುವೆ ಕಾಗದದಷ್ಟು ದಪ್ಪ ಬಂದರೂ ಬೇರಿಂಗು ಸಡಿಲ, ಲೋಹಕ್ಕೆ ಲೋಹವೇ ಕೂಡಬೇಕು, ನಡುವೆ ಯಾರೂ ಇರಕೂಡದು — ಯಾರೂ ಅಲ್ಲ, ಏನೂ — ಅತ್ತೆ ಆ ಮೂಲೆಯ ಸ್ಟೂಲಿನ ಮೇಲೆ ಕೂತು ವಾಷರು ಆರಿಸುತ್ತ ನಗುತ್ತಿದ್ದರು, ನಾನೇನು ನಿಮ್ಮಿಬ್ಬರ ಮಧ್ಯದ ಪ್ಯಾಕಿಂಗಾ, ಮೂವತ್ತೊಂದು ವರ್ಷ ಆಯ್ತು ಕಣೇ, ಸವೆದು ಚಿಂದಿ ಆದೆ, ನೇರ ಮಾತಾಡ್ಬಾರ್ದಾ? ಮದುವೆಯ ಹೊಸತರಲ್ಲಿ ಹಿರಿಯರೆದುರು ನಾಚಿಕೆ, ಇವಳು, ಅತ್ತೆ, ಅವರಿಗೆ ನೀರು ಬೇಕಾ ಕೇಳಿ, ಗಂಡನೋ, ಅಮ್ಮಾ, ಬೇಡ ಅನ್ನು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತೇ, ಆಮೇಲೆ ನಾಚಿಕೆ ಹೋಯಿತು, ರೂಢಿ ಉಳಿಯಿತು, ಇಬ್ಬರೇ ಇದ್ದಾಗ ಹೂಂ, ಊಹೂಂ ಸಾಕಾಗುತ್ತಿತ್ತು, ಜಗಳ ಒಂದೂ ಇಲ್ಲ, ಜಗಳಕ್ಕೂ ನೇರ ಮಾತು ಬೇಕಲ್ಲ. ಅತ್ತೆ ತೀರಿಹೋಗಿ ಮೂರು ತಿಂಗಳು, ಈಗ ಗಂಡ ರೇಡಿಯೋಗೆ ಹೇಳುತ್ತಾರೆ ಟೀ ಇದ್ದಿದ್ರೆ ಚೆನ್ನಾಗಿತ್ತು, ಇವಳು ಪಾತ್ರೆಗೆ ಹೇಳುತ್ತಾಳೆ ಊಟ ಆರಿಹೋಗ್ತಿದೆ, ಒಂದು ಬೆಕ್ಕಾದರೂ ಇದ್ದಿದ್ದರೆ ಅದರ ಹತ್ತಿರ ಹೇಳಿಕೊಳ್ಳಬಹುದಿತ್ತು.

ಅಂಟಿಗೆ ಬೆರಳು ಮುಟ್ಟಿಸಿದಳು, ಬೆರಳಿಗೆ ಅಂಟಬೇಕು, ಬೆರಳ ಜೊತೆ ಬರಬಾರದು, ಹೌದು, ಇದೇ ಹದ, ಇನ್ನು ಕೆಲವೇ ನಿಮಿಷ, ಆಮೇಲೆ ಹಾಲಿಗೆ ಕೆನೆ ಕಟ್ಟಿದ ಹಾಗೆ ಮೇಲೊಂದು ಚರ್ಮ ಕಟ್ಟುತ್ತದೆ, ಏನು ಕೂರಿಸಿದರೂ ಹಿಡಿಯದು, ಈಗ ಹೇಳಬೇಕು, ಮೂರಕ್ಷರ, ಇಳಿಸಿ, ಹಿಂದಿನಿಂದ ಆಯ್ತೋ ಏನೋ ಎಂದು ಅವರು ಗೋಡೆಗೆ ಹೇಳಿದ್ದು ಕೇಳಿಸಿತು, ಬಾಯಿ ತೆರೆದಳು, ತೆರೆದ ಬಾಯಿಂದ ಬಂದದ್ದು — ಅತ್ತೆ, ಇಳಿಸೋಕೆ ಹೇಳಿ. ಅಯ್ಯೋ. ಗಟ್ಟಿಯಾಗಿಯೇ ಅಂದುಬಿಟ್ಟಳಲ್ಲ, ಕಿವಿ ಬಿಸಿಯಾಯಿತು, ಈಗ ನಗುತ್ತಾರೆ, ನಗಲಿ, ನಕ್ಕರೆ ಅದೇ ಒಂದು ಮಾತು — ಅವರು ನಗಲಿಲ್ಲ, ಗಂಟಲು ಸರಿಮಾಡಿಕೊಂಡು ಮೆಲ್ಲಗೆ, ಅಮ್ಮಾ, ಇಳಿಸ್ತಾ ಇದ್ದೀನಿ ಅನ್ನು.

ಸರಪಳಿ ಕಟಕಟ, ಹೋಳು ಇಳಿಯುತ್ತದೆ, ನಿಂತಿತು, ಇನ್ನು ಬೆರಳ ದಪ್ಪ ಬಾಕಿ, ಕೆಳಗಿನ ಹೋಳಿನ ಗೂಟಕ್ಕೆ ಮೇಲಿನದರ ತೂತು ಕೂರಬೇಕಾದರೆ ಎಡಕ್ಕೆ ಕೂದಲೆಳೆಯಷ್ಟು ಸರಿಯಬೇಕು, ಸರಿಸಬೇಕಾದವರು ಸರಪಳಿ ಹಿಡಿದವರು, ಅಲ್ಲಿಂದ ಅವರಿಗೆ ಕಾಣದು, ಇವಳೇ ಹೇಳಬೇಕು, ಎರಡು ಹೋಳಿನ ನಡುವೆ ಆಚೆ ಕಿಟಕಿಯ ಬೆಳಕು ಒಂದು ಗೆರೆಯಾಗಿದೆ, ರೀ, ಎಡಕ್ಕೆ, ಅಷ್ಟೇ ತಾನೇ, ರೀ ಎಂದು ಒಂದು ದಿನವೂ ಅಂದಿಲ್ಲ, ಅವರ ಕೈ ನಡುಗಿ ಸರಪಳಿ ನಡುಗಿ ಬೆಳಕಿನ ಗೆರೆಯೂ ನಡುಗುತ್ತದೆ, ಅವರೂ ಕಾಯುತ್ತಿದ್ದಾರೆ, ಯಾರಾದರೂ ಈ ಮಾತನ್ನು ಇಲ್ಲಿಂದ ಅಲ್ಲಿಗೆ ಒಯ್ದು ಕೊಡಲಿ ಎಂದು, ಇಷ್ಟೇ ಇಷ್ಟು ದೂರ, ಅಂಚಿಗೆ ಬೆರಳು ಮುಟ್ಟಿಸಿದಳು, ನುಣ್ಣಗೆ, ಅಂಟಲಿಲ್ಲ, ಚರ್ಮ ಕಟ್ಟಿದೆ, ಎಲ್ಲ ಕೆರೆದು ಮೊದಲಿನಿಂದ, ಹೊಸ ದಾರ, ಹೊಸ ಅಂಟು, ಒಣಗಿಹೋಯಿತು ಎಂದು ಅದನ್ನಾದರೂ ಹೇಳಬೇಕು, ಯಾರಿಗೆ, ಇಳಿಯದ ಹೋಳು, ಏಳದ ಹೋಳು, ನಡುವೆ ಆ ಗೆರೆ, ಬೆಳ್ಳಗೆ, ಅಷ್ಟು ಸಣ್ಣದು, ಆ ಗೆರೆ —